ಇಪ್ಪತ್ತು ಮಕ್ಕಳ ಲೆಕ್ಕ

(ದಾದರ್‌ನಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ನನ್ನನ್ನು ಕರೆದ ಹಿರಿಯರು ಮೊದಲು ಕೇಳಿದ್ದು ತೆರಿಗೆಯ ವಿಷಯವಾಗಿ ಮಾತನಾಡಬೇಕೆಂದು. ಲೆಕ್ಕ ಪರಿಶೋಧಕನನ್ನು ಕರೆದ ಮೇಲೆ ಬೇರೇನು ಕೇಳಿಯಾರು? ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮವರ ಮನೆಗಳಿಗೆ ಹೋದಾಗಲೆಲ್ಲ, ಲೆಕ್ಕದ ಕಾಗದಗಳನ್ನು ಬದಿಗಿಟ್ಟ ಮೇಲೆ, ಚಹಾದ ಹೊತ್ತಿಗೆ ಬರುವ ಮಾತು ಒಂದೇ: “ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಏನು ಕಲಿಸುತ್ತಾರೋ ತಿಳಿಯದು. ಹೇಳೋಣವೆಂದರೆ ಕೇಳುವವರೂ ಇಲ್ಲ.” ಈ ಮಾತಿನ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಕೇಳುವವರು ಇದ್ದಾರೆ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದ ಹೊತ್ತಿನಲ್ಲಿ ನಾವು ಇರುವುದಿಲ್ಲ. ಈ ತಪ್ಪು ನನ್ನದೂ ಆಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನನ್ನ ಮಗಳು ಆರನೆಯ ತರಗತಿಯಲ್ಲಿದ್ದಾಗ ಇತಿಹಾಸದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಬಂದಿತ್ತು: ಜೈನ ಧರ್ಮದ ಸ್ಥಾಪಕರು ಯಾರು? ಅವಳು “ಸ್ಥಾಪಕರು ಯಾರೂ ಇಲ್ಲ, ಮಹಾವೀರರು ಇಪ್ಪತ್ತನಾಲ್ಕನೆಯ ತೀರ್ಥಂಕರರು” ಎಂದು ಬರೆದಿದ್ದಳು. ಅಂಕ ಸಿಗಲಿಲ್ಲ. ಉತ್ತರಪತ್ರಿಕೆಯನ್ನು ನನ್ನ ಮುಂದೆ ಹಿಡಿದು, “ಅಪ್ಪಾ, ಬಸದಿಯಲ್ಲಿ ಹೇಳಿದ್ದು ಸುಳ್ಳೋ, ಶಾಲೆಯಲ್ಲಿ ಹೇಳಿದ್ದು ಸುಳ್ಳೋ?” ಎಂದು ಕೇಳಿದಳು. ಅಂದು ರಾತ್ರಿಯೇ ನಾನು ಶಾಲೆಗೆ ನಾಲ್ಕು ಪುಟಗಳ ಪತ್ರ ಬರೆದೆ. ಆದಾಯ ತೆರಿಗೆ ಇಲಾಖೆಯ ನೋಟೀಸಿಗೆ ಉತ್ತರ ಕೊಡುವ ರೀತಿಯಲ್ಲಿ, ಪ್ರತಿ ಕಂಡಿಕೆಗೂ ಸಂಖ್ಯೆ ಹಾಕಿ, ಕೊನೆಗೆ ಏಳು ದಿನಗಳ ಗಡುವು ಕೊಟ್ಟು ಬರೆದೆ. ಮೂರು ವಾರ ಕಳೆದರೂ ಉತ್ತರವಿಲ್ಲ.

ಪಾಲಕರ ಸಭೆಯ ದಿನ ಇತಿಹಾಸದ ಅಧ್ಯಾಪಕಿಯವರನ್ನು ಕಂಡೆ. ನಿವೃತ್ತಿಗೆ ಹತ್ತಿರವಾದ ಮರಾಠಿ ಮಹಿಳೆ. ನನ್ನ ಪತ್ರ ವಕೀಲರ ನೋಟೀಸಿನಂತೆ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಕುಳಿತಿದೆಯೆಂದೂ, ಅದನ್ನು ಮುಟ್ಟಲು ಎಲ್ಲರಿಗೂ ಭಯವೆಂದೂ ನಗುತ್ತ ಹೇಳಿದರು. ಆಮೇಲೆ ಅವರು ಕೇಳಿದ್ದು ಇಷ್ಟೇ: “ನನಗೆ ಐದು ಸಾಲು ಬರೆದುಕೊಡಿ. ಮಹಾವೀರರಿಗಿಂತ ಹಿಂದೆ ಯಾರಿದ್ದರು, ಅದರಲ್ಲಿ ಇತಿಹಾಸಕಾರರು ಒಪ್ಪುವುದು ಎಷ್ಟು, ನಿಮ್ಮ ಪರಂಪರೆಯ ನಂಬಿಕೆ ಎಷ್ಟು, ಬೇರೆಬೇರೆಯಾಗಿ ಬರೆಯಿರಿ. ಸೋಮವಾರ ತರಗತಿಯಲ್ಲಿ ಹೇಳುತ್ತೇನೆ.”

ನಾಲ್ಕು ಪುಟ ಒಂದೇ ರಾತ್ರಿಯಲ್ಲಿ ಬರೆದವನಿಗೆ ಈ ಐದು ಸಾಲು ಬರೆಯಲು ಎರಡು ಭಾನುವಾರ ಹಿಡಿಯಿತು. ಅವರು ಹೇಳಿದ ಸೋಮವಾರವೂ ದಾಟಿಹೋಯಿತು. ಪಾರ್ಶ್ವನಾಥರನ್ನು ಐತಿಹಾಸಿಕ ವ್ಯಕ್ತಿಯೆಂದು ವಿದ್ವಾಂಸರಲ್ಲಿ ಅನೇಕರು ಒಪ್ಪುತ್ತಾರೆ. ಅದಕ್ಕೂ ಹಿಂದಿನ ತೀರ್ಥಂಕರರ ವಿಷಯ ನಮ್ಮ ಆಗಮ ಪುರಾಣಗಳ ಪರಂಪರೆಗೆ ಸೇರಿದ್ದು. ಈ ಎರಡು ವಾಕ್ಯಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಪ್ರಾಮಾಣಿಕವಾಗಿ ಇಡುವುದು ನನಗೆ ಅಷ್ಟು ಕಷ್ಟವಾದೀತೆಂದು ಎಣಿಸಿರಲಿಲ್ಲ. ಪ್ರತಿ ಸಾಲಿನಲ್ಲೂ ಒಂದಿಷ್ಟು ಹೆಮ್ಮೆ ನುಸುಳುತ್ತಿತ್ತು. ಅಳಿಸಿ ಮತ್ತೆ ಬರೆಯುತ್ತಿದ್ದೆ. ಕೊನೆಗೆ ಕೊಟ್ಟೆ. ಅವರು ತರಗತಿಯಲ್ಲಿ ಓದಿದರು. ಮರುವರ್ಷದ ಪರೀಕ್ಷೆಯಲ್ಲಿ ಪ್ರಶ್ನೆ ಬದಲಾಗಿತ್ತು: ಇಪ್ಪತ್ತನಾಲ್ಕನೆಯ ತೀರ್ಥಂಕರರು ಯಾರು? ಮಗಳ ಆ ಒಂದು ಅಂಕ ಮಾತ್ರ ತಿರುಗಿ ಬರಲಿಲ್ಲ.

ಇದೇ ವಿಷಯ ದೇಶದ ಮಟ್ಟದಲ್ಲಿ ಹೇಗೆ ನಡೆಯಿತೆಂಬುದನ್ನು ನೋಡಿ. 2001ರಲ್ಲಿ ಸಿಬಿಎಸ್‌ಇ ಒಂದು ಸುತ್ತೋಲೆಯನ್ನು ಹೊರಡಿಸಿ, ಎನ್‌ಸಿಇಆರ್‌ಟಿಯ ಇತಿಹಾಸ ಪುಸ್ತಕಗಳ ಕೆಲವು ಭಾಗಗಳನ್ನು ಪಾಠ ಮಾಡಬಾರದೆಂದು ಶಾಲೆಗಳಿಗೆ ತಿಳಿಸಿತು. ಆರ್.ಎಸ್. ಶರ್ಮರ ಪ್ರಾಚೀನ ಭಾರತದ ಪುಸ್ತಕದಲ್ಲಿ ತೀರ್ಥಂಕರ ಪರಂಪರೆಯ ಪ್ರಾಚೀನತೆಯನ್ನು ಸಂದೇಹಿಸುವ ಸಾಲುಗಳೂ ಆ ಭಾಗಗಳಲ್ಲಿ ಸೇರಿದ್ದವು. ಆಗ ನಾನು ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ನಮ್ಮವರು ಸಂತೋಷಪಟ್ಟದ್ದು ನೆನಪಿದೆ, ನಾನೂ ಪಟ್ಟೆ. ಇಂದು ಕೇಳಿಕೊಳ್ಳುತ್ತೇನೆ: ಆ ವರ್ಷ ಹನ್ನೊಂದನೆಯ ತರಗತಿಯಲ್ಲಿದ್ದ ಜೈನ ಹುಡುಗನಿಗೆ ಸಿಕ್ಕಿದ್ದೇನು? ಇತಿಹಾಸಕಾರನ ಸಂದೇಹವೂ ಪುಸ್ತಕದಲ್ಲಿ ಉಳಿಯಲಿಲ್ಲ, ನಮ್ಮ ಉತ್ತರವೂ ಅಲ್ಲಿ ಸೇರಲಿಲ್ಲ. ಕಾಗದದ ಮೇಲೆ ಒಂದು ಖಾಲಿ ಜಾಗ ಮಾತ್ರ ಆಯಿತು.

ಖಾಲಿ ಮಾಡುವ ಕತ್ತರಿಗೆ ಕುಲ ಗೋತ್ರ ಇಲ್ಲ. 2020ರ ಡಿಸೆಂಬರ್‌ನಲ್ಲಿ ಅದೇ ಕತ್ತರಿ ಕರ್ನಾಟಕದ ಆರನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕಕ್ಕೆ ಬಂತು. ಯಾವ ಪಾಠಕ್ಕೆ ಬಂತೆಂದು ನಮ್ಮಲ್ಲಿ ಬಹಳ ಜನ ಗಮನಿಸಿರಲಿಕ್ಕಿಲ್ಲ. ಹೊಸ ಧರ್ಮಗಳ ಉದಯದ ಪಾಠಕ್ಕೆ, ಎಂದರೆ ಜೈನ ಬೌದ್ಧ ಧರ್ಮಗಳು ಏಕೆ ಪ್ರಬಲವಾದವೆಂದು ಹೇಳುವ ಪಾಠಕ್ಕೆ. ಅಂದಿನ ಯಜ್ಞಯಾಗಗಳನ್ನು ಕುರಿತ ಸಾಲುಗಳು ತಮಗೆ ನೋವು ತಂದಿವೆಯೆಂದು ಬ್ರಾಹ್ಮಣ ಸಮುದಾಯದವರು ದೂರಿದರು. ಅಂದಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಅವರು ಅವುಗಳನ್ನು ಕೈಬಿಡಲು ಸೂಚಿಸಿದರು. ಅವರ ದೂರನ್ನು ನಾನು ಆಕ್ಷೇಪಿಸುವುದಿಲ್ಲ. ಪಾಲಕರಿಗೆ, ಸಮುದಾಯಗಳಿಗೆ ದೂರುವ ಹಕ್ಕಿದೆ. ನನ್ನ ಪ್ರಶ್ನೆ ನಮ್ಮನ್ನು ಕುರಿತದ್ದು. ನಮ್ಮ ಧರ್ಮದ ಪಾಠವನ್ನು ತಿದ್ದುವ ಮಾತು ನಡೆದಾಗ ನಮ್ಮಲ್ಲಿ ಎಷ್ಟು ಜನ ಆ ಪಾಠವನ್ನು ತೆರೆದು ಓದಿದೆವು? ನನ್ನ ಮಟ್ಟಿಗೆ ಹೇಳುವುದಾದರೆ, ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಡಚಿಟ್ಟೆ. ಆ ತಕರಾರಿನಿಂದ ಹೊರಟ ಪರಿಶೀಲನೆ ಬೆಳೆದು 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿಯ ಪರಿಷ್ಕರಣೆಯಾಯಿತು. ಬಸವಣ್ಣನವರ ಪಾಠದ ವಿಷಯದಲ್ಲಿ ಲಿಂಗಾಯತ ಮಠಾಧೀಶರು ಪ್ರತಿಭಟಿಸಿದರು. 2023ರಲ್ಲಿ ಸರ್ಕಾರ ಬದಲಾದೊಡನೆ ಮತ್ತೆ ತಿದ್ದುಪಡಿಯಾಯಿತು. ಹೀಗೆ ಅಕ್ಕ ಓದಿದ ಪುಸ್ತಕ ತಮ್ಮನಿಗೆ ಬರಲಿಲ್ಲ, ತಮ್ಮ ಓದಿದ್ದು ತಂಗಿಗೆ ಬರಲಿಲ್ಲ.

ಹಾಗಾದರೆ ಪಾಲಕನ ಪಾಲು ಎಲ್ಲಿದೆ? ಅದು ಬಹಳ ನೀರಸವಾದ ಕೋಣೆಗಳಲ್ಲಿದೆ.

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು. ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಆದರೆ ಈ ಸಭಾಂಗಣದಲ್ಲಿ ಮಗುವನ್ನು ಪಾಲಿಕೆಯ ಶಾಲೆಗೆ ಕಳಿಸುವವರು ಕೈ ಎತ್ತಿರೆಂದು ಕೇಳಿ ಯಾರನ್ನೂ ಮುಜುಗರಕ್ಕೆ ಈಡುಮಾಡಲಾರೆ. ನಾವೆಲ್ಲ ಅನುದಾನರಹಿತ ಇಂಗ್ಲಿಷ್ ಶಾಲೆಗಳವರು; ಆ ಕಲಮು ನಮ್ಮ ಶಾಲೆಗಳಿಗೆ ಇಲ್ಲ. ಅಲ್ಲಿ ನಮಗಿರುವುದು ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯಿದೆ. ಅದರಂತೆ ಪ್ರತಿ ಖಾಸಗಿ ಶಾಲೆಯಲ್ಲೂ ಪಾಲಕ–ಶಿಕ್ಷಕ ಸಂಘ ಇರಬೇಕು. ಇಚ್ಛೆಯುಳ್ಳ ಪಾಲಕರ ಹೆಸರುಗಳನ್ನು ಚೀಟಿ ಎತ್ತಿ ಅದರ ಕಾರ್ಯಕಾರಿ ಸಮಿತಿಗೆ ಆರಿಸಬೇಕು. ಮುಂದಿನ ವರ್ಷದ ಶುಲ್ಕದ ಪ್ರಸ್ತಾವ ಆರು ತಿಂಗಳು ಮೊದಲೇ ಆ ಸಮಿತಿಯ ಮುಂದೆ ಬರಬೇಕು.

ನನ್ನ ಹೆಸರು ಒಂದು ವರ್ಷ ಆ ಚೀಟಿಯಲ್ಲಿ ಬಂತು. ಆ ವರ್ಷದ ಸಭೆಗಳಲ್ಲಿ ಬಸ್ಸು, ಸಮವಸ್ತ್ರ, ಕ್ಯಾಂಟೀನಿನ ಸಮೋಸದ ಎಣ್ಣೆ ಇವುಗಳ ಚರ್ಚೆ ಗಂಟೆಗಟ್ಟಲೆ ನಡೆಯಿತು. ಕಲಿಕೆಯ ಮಾತು ಒಂದೇ ಒಂದು ಸಲ ಬಂತು, ಅದೂ ಶುಲ್ಕದ ಪಟ್ಟಿಯ ಮೂಲಕ. ಲೆಕ್ಕ ನೋಡುವುದು ನನ್ನ ವೃತ್ತಿಯಾದ್ದರಿಂದ ಪಟ್ಟಿಯನ್ನು ಸಾಲುಸಾಲಾಗಿ ಓದಿದೆ. ಗ್ರಂಥಾಲಯಕ್ಕೆಂದು ಪ್ರತಿ ಮಗುವಿನಿಂದ ಪಡೆದ ಹಣದಲ್ಲಿ ಆ ವರ್ಷ ಕೊಂಡ ಭಾರತೀಯ ಭಾಷೆಯ ಪುಸ್ತಕಗಳೆಷ್ಟು ಎಂದು ಕೇಳಿದೆ. ಮೌನ. ಒಂದೂ ಇರಲಿಲ್ಲ. ಮುಂದಿನ ವರ್ಷ ಮರಾಠಿ, ಹಿಂದಿ, ಗುಜರಾತಿ ಪುಸ್ತಕಗಳ ಜೊತೆಗೆ ಒಂದು ಅಡಿ ಉದ್ದದಷ್ಟು ಕನ್ನಡ ಪುಸ್ತಕಗಳೂ ಕಪಾಟಿಗೆ ಬಂದವು. ಪಾಠಕ್ರಮವನ್ನು ತಿದ್ದುವ ಅಧಿಕಾರ ಆ ಸಮಿತಿಗೆ ಇಲ್ಲ, ನಿಜ. ಆದರೆ ಶಾಲೆಯ ಹಣ ಎಲ್ಲಿ ಹೋಗುತ್ತದೋ ಪಾಠವೂ ಸ್ವಲ್ಪಮಟ್ಟಿಗೆ ಅಲ್ಲಿಗೇ ಹೋಗುತ್ತದೆ. ತರಗತಿಗೆ ಬೇಕಾದ ಪೂರಕ ಓದು, ವಾರಕ್ಕೊಂದು ಕಥೆಯ ಗಂಟೆ, ಕ್ಷೇತ್ರ ಸಂದರ್ಶನ ಇವೆಲ್ಲ ಮುಖ್ಯಾಧ್ಯಾಪಕರ ಕೈಯಲ್ಲಿರುವ ವಿಷಯಗಳು. ಮಂತ್ರಿಗಳ ಬಾಗಿಲಿಗೆ ಹೋಗಬೇಕಾಗಿಲ್ಲ.

ಪಾಠಕ್ರಮವೇ ಬದಲಾಗಬೇಕೆಂದರೆ ಬೇರೆ ಕೋಣೆ, ಬೇರೆ ಹೊತ್ತು. ರಾಜ್ಯದ ಪಾಠಕ್ರಮದ ಕರಡನ್ನು ಸಿದ್ಧಪಡಿಸುವುದು ಪುಣೆಯ ಎಸ್‌ಸಿಇಆರ್‌ಟಿ. ಪುಸ್ತಕ ಮಾಡುವುದು ಅದೇ ಊರಿನ ಬಾಲಭಾರತಿ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಪುಸ್ತಕಗಳೂ ಬಾಲಭಾರತಿಯವೇ. 2024ರ ಮೇ ತಿಂಗಳಲ್ಲಿ ರಾಜ್ಯದ ಶಾಲಾ ಶಿಕ್ಷಣದ ಪಾಠಕ್ರಮ ಚೌಕಟ್ಟಿನ ಕರಡನ್ನು ಸಾರ್ವಜನಿಕರ ಮುಂದಿಟ್ಟು, ಜೂನ್ ಮೊದಲ ವಾರದೊಳಗೆ ಸಲಹೆ ಕಳಿಸಲು ಕೇಳಿದರು. ಭಗವದ್ಗೀತೆಯ ಪಠಣ, ಮನುಸ್ಮೃತಿಯ ಒಂದು ಉಲ್ಲೇಖ ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲವಾಗದ ಪುಟಗಳೇ ಹೆಚ್ಚಾಗಿದ್ದವು: ಯಾವ ತರಗತಿಯಲ್ಲಿ ಎಷ್ಟು ಭಾಷೆ, ಯಾವ ಭಾಷೆ, ಇತಿಹಾಸದ ಗುರಿ ಏನು. ಆ ಮೇ ತಿಂಗಳಲ್ಲಿ ನಾವೆಲ್ಲಿದ್ದೆವು? ಮುಂಬಯಿಯ ಕನ್ನಡಿಗ ಮೇ ತಿಂಗಳಲ್ಲಿ ಎಲ್ಲಿರುತ್ತಾನೋ ಅಲ್ಲಿ. ನಾನು ಅಥಣಿಯ ಕಡೆ ನಮ್ಮೂರಲ್ಲಿ ಮಾವಿನಹಣ್ಣು ತಿನ್ನುತ್ತಿದ್ದೆ. ಹಿಂತಿರುಗಿ ಬಂದಾಗ ಗಡುವು ಮುಗಿದಿತ್ತು.

ಸರ್ಕಾರ ಜನರ ಮಾತು ಕೇಳುವುದಿಲ್ಲ ಎನ್ನುವವರಿಗೆ ಉತ್ತರ ಈ ದಾದರ್‌ನಲ್ಲೇ ಇದೆ. 2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರ್ಕಾರ ಮರಾಠಿ ಮತ್ತು ಇಂಗ್ಲಿಷ್ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಕಡ್ಡಾಯ ಭಾಷೆಯಾಗಿ ಮಾಡಿತು. ವಿರೋಧ ಬಂತು. ಜೂನ್ 17ರಂದು ‘ಕಡ್ಡಾಯ’ ಹೋಗಿ ‘ಸಾಮಾನ್ಯವಾಗಿ’ ಎಂಬ ಪದ ಬಂತು. ವಿರೋಧ ಇನ್ನೂ ಹೆಚ್ಚಿತು. ಅದರ ಮಾತುಕತೆಗಳು ಇಲ್ಲಿಂದ ನಡೆದುಹೋಗುವ ದೂರದಲ್ಲಿ, ಶಿವಾಜಿ ಪಾರ್ಕಿನ ಸುತ್ತಮುತ್ತಲೇ ನಡೆದವು. ಜೂನ್ 29ರಂದು ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಎರಡೂ ಆದೇಶಗಳನ್ನು ಹಿಂತೆಗೆದು, ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ಘೋಷಿಸಿದರು. ಜುಲೈ 5ರ ಮೋರ್ಚಾ ವರಳಿಯ ವಿಜಯೋತ್ಸವವಾಯಿತು. ರಾಜಕೀಯ ಲಾಭ ಯಾರಿಗೆ ಎಂಬುದು ಬೇರೆ ಮಾತು. ಎಪ್ಪತ್ತೈದು ದಿನಗಳಲ್ಲಿ ಒಂದನೆಯ ತರಗತಿಯ ಪಾಠ ಎರಡು ಸಲ ಬದಲಾಯಿತೆಂಬುದನ್ನು ಮಾತ್ರ ಗಮನಿಸಿರಿ.

ಈ ಗಲಾಟೆಯ ನಡುವೆ ನಮಗೆ ಸಂಬಂಧಿಸಿದ ಒಂದು ಸಾಲು ಬಂದು ಹೋಯಿತು. ಜೂನ್ 17ರ ಆದೇಶದಂತೆ, ಒಂದು ಶಾಲೆಯ ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆಯನ್ನು ಬಯಸಿದರೆ ಅದಕ್ಕೆ ಶಿಕ್ಷಕರನ್ನು ಒದಗಿಸಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಕಲಿಸಬೇಕು. ನನ್ನ ಮಗ ಆಗ ಎರಡನೆಯ ತರಗತಿ. ಆದೇಶ ಓದಿದ ರಾತ್ರಿ ನಾನೂ ನನ್ನ ಪತ್ನಿಯೂ ಕುಳಿತು ಅವನ ತರಗತಿಯ ಎಲ್ಲ ವಿಭಾಗಗಳಲ್ಲಿ ಕನ್ನಡ ಬಲ್ಲ ಮನೆಗಳನ್ನು ಎಣಿಸಿದೆವು. ಜೈನರು ನಾವೊಬ್ಬರು, ಇನ್ನೊಂದು ಮನೆ. ಬಂಟರು, ಬಿಲ್ಲವರು, ಮೊಗವೀರರು, ಲಿಂಗಾಯತರು, ಕಲಬುರಗಿಯ ಕಡೆಯ ಒಂದು ಮುಸಲ್ಮಾನ ಕುಟುಂಬ. ಎಲ್ಲ ಸೇರಿ 13. ಅವರಲ್ಲಿ ಮೂವರ ಮನೆಮಾತು ತುಳು. ಕನ್ನಡಕ್ಕೆ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕಿನಿಂದ ಫೋನ್ ಮಾಡಿದೆ. ಮೂವರೂ ಒಪ್ಪಿದರು. ಒಪ್ಪದವರು ಇಬ್ಬರು, ಅದರಲ್ಲಿ ಒಂದು ನಮ್ಮದೇ ಸಮಾಜದ ಮನೆ. “ಕನ್ನಡದಿಂದ ಏನು ಪ್ರಯೋಜನ? ಮುಂದೆ ಫ್ರೆಂಚ್ ತೆಗೆದುಕೊಳ್ಳಬೇಕು” ಎಂದರು. ಉಳಿದದ್ದು 11. ಇನ್ನೂ ಒಂಬತ್ತು ಮಕ್ಕಳಿಗಾಗಿ ಕನ್ನಡದವರಲ್ಲದ ಮನೆಗಳನ್ನೂ ಕೇಳೋಣವೆಂದು ಮಾತಾಡುತ್ತಿರುವಾಗಲೇ ಆದೇಶವೇ ರದ್ದಾಯಿತು.

ಆ ಆದೇಶ ಹಾಗೆಯೇ ಉಳಿಯಬೇಕಿತ್ತೆಂದು ನಾನು ಹೇಳುವುದಿಲ್ಲ; ಒಂದನೆಯ ತರಗತಿಯ ಕೂಸಿಗೆ ಮೂರು ಭಾಷೆ ಹೆಚ್ಚೆಂದೇ ನನ್ನ ಅಭಿಪ್ರಾಯ. ಆದರೆ ಇಂಥ ಸಾಲು ನಾಳೆ ಐದನೆಯ ತರಗತಿಗೋ ಆರನೆಯ ತರಗತಿಗೋ ಮತ್ತೆ ಬರಬಹುದು. ಬಂದಾಗ ಎಣಿಸಲು ಹನ್ನೆರಡು ದಿನ ಸಿಗುತ್ತದೆ. ಪಂಪ, ಪೊನ್ನ, ರನ್ನರು ಜೈನರೆಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ತೆಗೆದುಕೊಳ್ಳುವ ನಾವು, ಮಕ್ಕಳಿಗೆ ‘ಅ’ ಅಕ್ಷರ ಕಲಿಸಲು ಇಪ್ಪತ್ತು ಸಹಿ ಕೂಡಿಸಲಾರದೆ ಹೋದೆವು. ಜೈನರನ್ನಷ್ಟೇ ಎಣಿಸಿದರೆ ಮುಂಬಯಿಯ ಯಾವ ಶಾಲೆಯ ಯಾವ ತರಗತಿಯಲ್ಲೂ ಇಪ್ಪತ್ತು ಕನ್ನಡ ಮಕ್ಕಳು ಆಗಲಾರರು.

ಕರ್ಮವೀರ ಭಾವುರಾವ್ ಪಾಟೀಲರು ನಮ್ಮವರೇ. ಕೊಲ್ಲಾಪುರದ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದವರು. ಅವರ ಮನೆತನದ ಮೂಲ ಮೂಡುಬಿದಿರೆ. ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದಾಗ ಅವರು ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರು. ಸ್ನಾನ ಮಾಡಿ ಒಳಗೆ ಬರಬೇಕೆಂಬ ಕಟ್ಟಳೆಗೆ ಒಪ್ಪದೆ ಆ ನಿಲಯವನ್ನೇ ಬಿಟ್ಟರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅವರ ಭಾವಚಿತ್ರ ನಮ್ಮ ಸಭಾಂಗಣಗಳಲ್ಲಿ ಇದೆ.

ಈಗ ನಮ್ಮವರೇ ನಡೆಸುವ ಶಾಲೆಗಳ ಮಾತು. ಇದು ಕೆಲವರಿಗೆ ಹಿತವಾಗಲಾರದು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿತು, ಪೇಢೆ ಹಂಚಿದೆವು. ಅದೇ ವರ್ಷದ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪುಗಳನ್ನು ಕೊಟ್ಟಿತು. ಕರ್ನಾಟಕದ ಭಾಷಾ ಮಾಧ್ಯಮದ ಪ್ರಕರಣದಲ್ಲಿ, ಮಗುವಿನ ಶಿಕ್ಷಣ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ಪಾಲಕರದ್ದೆಂದು ಹೇಳಿತು. ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ಹೇಳಿತು. (2025ರಲ್ಲಿ ಇಬ್ಬರು ನ್ಯಾಯಾಧೀಶರ ಪೀಠ ಈ ಎರಡನೆಯ ತೀರ್ಪಿನ ಬಗ್ಗೆ ಸಂದೇಹ ಸೂಚಿಸಿ, ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ.) ಒಂದೇ ದಿನ ಪಾಲಕನ ಹಕ್ಕು ದೊಡ್ಡದಾಯಿತು, ನಮ್ಮ ಸಂಸ್ಥೆಯೊಳಗೆ ಅವನ ಕುರ್ಚಿ ಕಾಯಿದೆಯ ಬಲದಿಂದ ಇರಲೇಬೇಕಾದದ್ದು ಎಂಬುದು ತಪ್ಪಿತು. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ನಮ್ಮ ಆಡಳಿತ ಮಂಡಳಿಗಳು, ಪಾಲಕರ ಸಮಿತಿಯನ್ನು ತಾವಾಗಿಯೇ ರಚಿಸಬಹುದು. ಯಾವ ಕಾಯಿದೆಯೂ ಅದನ್ನು ತಡೆಯುವುದಿಲ್ಲ.

ಅದೇ ಸಂಸ್ಥೆಗಳಲ್ಲಿ ಜೈನೇತರ ಮಕ್ಕಳು ಕಲಿಯುತ್ತಾರೆ. ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡದಂತೆ, ಮಾನ್ಯತೆ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಆ ಒಪ್ಪಿಗೆಯ ಪತ್ರವನ್ನು ನಾವು ಕೇಳುತ್ತೇವೆಯೇ? ಬೇರೆ ಶಾಲೆಯಲ್ಲಿ ನಮ್ಮ ಮಗುವನ್ನು ಹಾಗೆ ಕೂರಿಸಿದರೆ ನಾವು ಸುಮ್ಮನಿರುತ್ತೇವೆಯೇ? 2021ರಲ್ಲಿ ಕರ್ನಾಟಕದ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ವಿರೋಧಿಸಿದವರಲ್ಲಿ ನಮ್ಮವರೂ ಇದ್ದರು. ಮೊಟ್ಟೆ ಬೇಡವೆಂದ ಮಗುವಿಗೆ ಬಾಳೆಹಣ್ಣು ಇತ್ತು. ನನ್ನ ಮಗನ ತಟ್ಟೆಯಲ್ಲಿ ಏನಿರಬೇಕೆಂದು ಹೇಳುವ ಹಕ್ಕು ನನಗಿದೆ. ಪಕ್ಕದ ಬಡ ಮಗುವಿನ ತಟ್ಟೆಯಿಂದ ತೆಗೆಯುವ ಹಕ್ಕು ನನಗಿಲ್ಲ. ಪಾಠದ ವಿಷಯದಲ್ಲೂ ನನ್ನ ನಿಲುವು ಇದೇ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಧರ್ಮಗಳ ಬಗ್ಗೆ ತಿಳಿಸುವುದಕ್ಕೂ ಧರ್ಮಬೋಧನೆಗೂ ವ್ಯತ್ಯಾಸವಿದೆಯೆಂದು ಹೇಳಿತು. ಮೊದಲನೆಯದನ್ನು ಎಲ್ಲ ಮಕ್ಕಳಿಗಾಗಿ ಶಾಲೆಯಿಂದ ಕೇಳೋಣ. ಎರಡನೆಯದು ಮನೆಯ ಕೆಲಸ, ಬಸದಿಯ ಕೆಲಸ. ನಾವು ಮಾಡದೆ ಬಿಟ್ಟಿರುವ ಆ ಕೆಲಸವನ್ನು ಶಾಲೆಯ ತಲೆಗೆ ಕಟ್ಟುವುದು ಬೇಡ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ದಪ್ಪ ವಹಿ ಇಟ್ಟಿದ್ದೇವೆ. ಹೊರಡುವಾಗ ಅದರಲ್ಲಿ ಮೂರು ಅಂಕಣ ತುಂಬಿರಿ: ಶಾಲೆ, ಈ ವರ್ಷದ ತರಗತಿ, ಪಾಲಕರ ಫೋನ್ ಸಂಖ್ಯೆ. ಮಗುವಿನ ಹೆಸರು ಬೇಡ. ನಿಮ್ಮ ಮಗುವಿನ ತರಗತಿಯಲ್ಲಿ ಕನ್ನಡ ಬಲ್ಲ ಬೇರೆ ಮನೆಗಳಿದ್ದರೆ ಅವರನ್ನು ಕೇಳಿ, ಅವರ ಒಪ್ಪಿಗೆ ಪಡೆದು ಮುಂದಿನ ಸಲ ಬರೆಸಿರಿ. ಜಾತಿಯ ಅಂಕಣ ವಹಿಯಲ್ಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆದೊಡನೆ ಪಾಲಕ–ಶಿಕ್ಷಕ ಸಂಘದ ಚೀಟಿ ಎತ್ತುತ್ತಾರೆ. ಅದಕ್ಕೆ ಹೆಸರು ಕೊಡಲು ಇಚ್ಛೆಯುಳ್ಳವರು ತಮ್ಮ ಸಾಲಿನ ಮುಂದೆ ಒಂದು ಗುರುತು ಹಾಕಿರಿ. ನನ್ನ ಮಗನ ಶಾಲೆಯ ಪುಟವನ್ನು ನಾನು ಆಗಲೇ ತೆರೆದಿದ್ದೇನೆ. ಅದರಲ್ಲಿ ಹನ್ನೊಂದು ಸಾಲು ತುಂಬಿದೆ.